ಹಳೇ ಬಂಗಲೆಯನ್ನ ಒಡೆದು ಮಾಡಿದ ಲಕ್ಷುರಿ ಫ್ಲ್ಯಾಟ್: ಅಡ್ವಾನ್ಸ್ ಕೊಡೋ ಮುಂಚೆ ಏನೇನು ನೋಡಬೇಕು?

ಹಂಚಿನಮನೆ
ಬೆಂಗಳೂರು ಕಂಟೋನ್ಮೆಂಟ್ ಕಡೆ 1910ರ ಸುಮಾರಿನ ಬಂಗಲೆ. ನೆಲಮಹಡಿ, ಮೇಲೊಂದು ಮಹಡಿ. ಪೂರ್ತಿ ನವೀಕರಣ ಮಾಡಿ ನಾಲ್ಕು ಫ್ಲ್ಯಾಟ್ ಮಾಡಿದ್ದಾರೆ. ಮಾರಾಟಕ್ಕಿರೋದು ಮೇಲಿನ ಫ್ಲ್ಯಾಟ್, 2,300 ಚದರಡಿ. ಎರಡಡಿ ದಪ್ಪದ ಇಟ್ಟಿಗೆ ಗೋಡೆ, ಮೇಲೆ ಮದ್ರಾಸ್ ತಾರಸಿ, ವರಾಂಡಕ್ಕೆ ಮಂಗಳೂರು ಹಂಚು, ಮುಂಭಾಗದ ಕಿಟಕಿಗಳಿಗೆ ಮಂಕಿ ಟಾಪ್ (ಕಿಟಕಿ ಮೇಲೆ ಮುಂದಕ್ಕೆ ಚಾಚಿರೋ ಮರದ ಹಲಗೆಯ ಮೊನಚು ಮಾಡು). ಒಳಗೆಲ್ಲ ಇಟಾಲಿಯನ್ ಮಾರ್ಬಲ್, ಜಿಪ್ಸಂ ಫಾಲ್ಸ್ ಸೀಲಿಂಗ್, ಮೂರು ಬಾತ್‌ರೂಮು, ಒಂದರಲ್ಲಿ ಟಬ್. ನೋಡೋಕೆ ಎಲ್ಲ ಹೊಚ್ಚ ಹೊಸದು. ಇಂಥ ಫ್ಲ್ಯಾಟಲ್ಲಿ ಯಾವುದನ್ನ ಪರೀಕ್ಷೆ ಮಾಡಿಸಬೇಕು, ಯಾವ ಕಾಗದ ಕೇಳಬೇಕು? ಗೊತ್ತಿರೋರು ವಿವರವಾಗಿ ಹೇಳಿ.

ತೊಲೆಜಂತೆ
ಮೊದಲ ಕೆಲಸ, ಫಾಲ್ಸ್ ಸೀಲಿಂಗ್ ಬಿಚ್ಚಿಸಿ ನೋಡೋದು. ಪೂರ್ತಿ ಬೇಡ. ಪ್ರತಿ ರೂಮಲ್ಲೂ ಎರಡು ಕಡೆ, ಗೋಡೆಗೆ ಅಂಟಿಕೊಂಡ ಹಾಗೆ, ಎರಡಡಿಗೆ ಎರಡಡಿ ತೂತು ಸಾಕು. ಮಾರೋರು ಒಪ್ಪದಿದ್ದರೆ ಅಲ್ಲಿಗೇ ಕೈಬಿಡಿ. ಮದ್ರಾಸ್ ತಾರಸಿ ಅಂದ್ರೆ ತೇಗದ ಜಂತೆಗಳು ಒಂದರಿಂದ ಒಂದೂವರೆ ಅಡಿಗೊಂದು, ಅದರ ಮೇಲೆ ಒಂದಿಂಚು ದಪ್ಪದ ಸಣ್ಣ ತಾರಸಿ ಇಟ್ಟಿಗೆಗಳನ್ನ ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಓರೆಯಾಗಿ ಜೋಡಿಸಿದ ಸಾಲು, ಅದರ ಮೇಲೆ ಮೂರು ನಾಲ್ಕು ಇಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು, ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆ. ಆ ಕಾಂಕ್ರೀಟನ್ನ ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದಿರುತ್ತಾರೆ. ನೂರು ವರ್ಷ ಬಾಳೋ ವ್ಯವಸ್ಥೆ ಅದು. ಹೆಚ್ಚಾಗಿ ಕೆಡೋದು ಒಂದು ಜಾಗದಲ್ಲಿ: ಜಂತೆಯ ತುದಿ ಗೋಡೆಯೊಳಗೆ ಕೂತಿರೋ ಕಡೆ.

ರೂಮಿನ ನಡುವೆ ನಿಂತು ತಲೆ ಎತ್ತಿದರೆ ಜಂತೆ ಕಬ್ಬಿಣದ ಹಾಗಿರುತ್ತೆ. ಗೋಡೆಯಿಂದ ಈಚೆಗೆ ಆರಿಂಚಿನಲ್ಲಿ ಮೊನಚು ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳ್ಳೆ ತೇಗದಲ್ಲಿ ತುದಿ ಎರಡು ಮಿ.ಮೀ. ಕೂಡ ಹೋಗಲ್ಲ. ಅರ್ಧ ಇಂಚು ಇಳಿದರೆ ಒಳಗೆ ಕೊಳೆತಿದೆ ಅಂತಲೇ ಲೆಕ್ಕ. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಟಣ್ ಅನ್ನುತ್ತೆ, ಟೊಳ್ಳು ಮರ ಡಬ್ ಅನ್ನುತ್ತೆ. ಬಣ್ಣ ಕಪ್ಪಾಗಿದೆಯಾ, ಜಂತೆ ಪಕ್ಕದ ಇಟ್ಟಿಗೆ ಸಂದಿಯಿಂದ ಬಿಳೀ ಉಪ್ಪು ಇಳಿದಿದೆಯಾ, ಗೆದ್ದಲಿನ ಮಣ್ಣಿನ ದಾರಿ ಇದೆಯಾ, ಟಾರ್ಚ್ ಹಿಡಿದು ಎಲ್ಲ ಮೂಲೆ ನೋಡಿ.

ಸ್ಟ್ರಕ್ಚರ್_ಮೈಸೂರು
ಮೇಲಿನದಕ್ಕೆ ಸೇರಿಸೋದು, ಭಾರದ ಲೆಕ್ಕ. ನವೀಕರಣದ ಹೆಸರಲ್ಲಿ ಹಳೇ ಮಹಡಿಯ ಮೇಲೆ ಎಷ್ಟು ಹೊಸ ತೂಕ ಕೂತಿದೆ ಅಂತ ಯಾರೂ ಕೇಳಲ್ಲ. 18 ಮಿ.ಮೀ. ಮಾರ್ಬಲ್ ಚದರ ಮೀಟರ್‌ಗೆ ಹತ್ತಿರ ಹತ್ತಿರ 50 ಕೆ.ಜಿ. ಅದರ ಕೆಳಗಿನ ಎರಡಿಂಚು ಸಿಮೆಂಟ್ ಗಾರೆ ಇನ್ನೂ 100 ಕೆ.ಜಿ. ಒಟ್ಟು 150. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದಲ್ಲಿ ವಾಸದ ಕೋಣೆಗೆ ಹಿಡಿಯೋ ಬಳಕೆಯ ಭಾರವೇ ಚದರ ಮೀಟರ್‌ಗೆ 200 ಕೆ.ಜಿ. ಆಸುಪಾಸು. ಅಂದ್ರೆ ಜನ, ಮಂಚ, ಬೀರು ಎಲ್ಲಕ್ಕೂ ಅಂತ ಇಟ್ಟ ಲೆಕ್ಕದ ಮುಕ್ಕಾಲು ಪಾಲು ಬರೀ ನೆಲಹಾಸೇ ತಿಂದುಹಾಕಿದೆ.

ಬಾತ್‌ರೂಮು ಇನ್ನೂ ಕೆಟ್ಟದ್ದು. ಹೊಸ ಅಪಾರ್ಟ್‌ಮೆಂಟಿನ ರೂಢಿಯಂತೆ ಎಂಟಿಂಚು ಎತ್ತರಕ್ಕೆ ಇಟ್ಟಿಗೆ ಚೂರು ತುಂಬಿದ್ದರೆ ಅದೊಂದೇ ಚದರ ಮೀಟರ್‌ಗೆ 300 ಕೆ.ಜಿ. ದಾಟುತ್ತೆ. ತುಂಬಿದ ಟಬ್ಬಿನ ನೀರು 200ರಿಂದ 250 ಲೀಟರ್, ಅದೂ ಒಂದೂಕಾಲು ಚದರ ಮೀಟರ್ ಜಾಗದಲ್ಲಿ. ಇದನ್ನ ಹೊರೋದಕ್ಕೆ ಕೆಳಗೆ ಗೋಡೆಯಿಂದ ಗೋಡೆಗೆ ಹೊಸ ಉಕ್ಕಿನ ತೊಲೆ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಅದರ ನಕ್ಷೆ ಕೇಳಿ. ಬಾಯಿಮಾತು ಬೇಡ.

ಕೆಲವು ಕಡೆ ಜಂತೆಯ ಬದಲು ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿರ್ತಾರೆ. ಅಲ್ಲಿ ತೊಲೆಯ ಕೆಳ ಅಂಚಿನ ತುಕ್ಕು ನೋಡಬೇಕು. ತುಕ್ಕು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ತಿದ್ದರೆ, ಅದನ್ನ ಕೆರೆದು ಉಳಿದ ದಪ್ಪವನ್ನ ಕ್ಯಾಲಿಪರ್ ಹಿಡಿದು ಅಳೆಯಬೇಕು. ಪೈಂಟ್ ಬಳಿದ ಮೇಲೆ ಅದು ಕಾಣಲ್ಲ.

ಹಂಚಿನಮನೆ
ಜಂತೆ ತುದಿ ಕೊಳೆತಿದ್ದರೆ ರಿಪೇರಿ ಸಾಧ್ಯವಾ, ಇಲ್ಲ ತಾರಸಿ ಪೂರ್ತಿ ಕೀಳಬೇಕಾ?

ತೊಲೆಜಂತೆ
ಕೀಳೋ ಅಗತ್ಯ ಇಲ್ಲ ಸರ್. ಮೂರು ದಾರಿ ಇದೆ. ಕೊಳೆತಿರೋದು ತುದಿಯ ಒಂದಡಿ ಒಳಗಿದ್ದರೆ, ಗೋಡೆಯುದ್ದಕ್ಕೂ ಜಂತೆಗಳ ಕೆಳಗೆ ಉಕ್ಕಿನ ಚಾನೆಲ್ ಕೂರಿಸಿ ಗೋಡೆಗೆ ಬೋಲ್ಟ್ ಮಾಡ್ತಾರೆ, ಜಂತೆ ಇನ್ನು ಅದರ ಮೇಲೆ ಕೂರುತ್ತೆ. ಮಣ್ಣಿನ ಗಾರೆಯ ಗೋಡೆಯಾದರೆ ಆಂಕರ್ ಬೋಲ್ಟ್ ಹಿಡಿಯಲ್ಲ, ಗೋಡೆ ದಾಟಿಸಿ ಆಚೆ ಬದಿಗೆ ಪ್ಲೇಟ್ ಹಾಕಬೇಕು. ಎರಡನೇದು, ಜಂತೆಯ ಎರಡೂ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಆರ್‌ಪಾರ್ ಬೋಲ್ಟ್ ಮಾಡಿ, ಪಟ್ಟಿಯ ತುದಿಯನ್ನ ಗೋಡೆಯೊಳಗೆ ಬಿಡೋದು. ಮೂರನೇದು, ಪಕ್ಕದಲ್ಲೇ ಅದೇ ಅಳತೆಯ ಹಳೇ ತೇಗದ ಹೊಸ ಜಂತೆ. ಯಾವುದೇ ಆದರೂ ಶುರು ಮಾಡೋ ಮುಂಚೆ ಕೆಳಗಿನಿಂದ ಆಧಾರದ ಕಂಬ ಕೊಟ್ಟು, ಜಾಕಿಯಲ್ಲಿ ಒಂದೆರಡು ಮಿ.ಮೀ. ಮಾತ್ರ ಎತ್ತಬೇಕು. ಆಸೆಬಿದ್ದು ಹಳೇ ಬಾಗೆಲ್ಲ ನೇರ ಮಾಡಲು ಹೋದರೆ ಮೇಲಿನ ಇಟ್ಟಿಗೆ ಸಾಲು ಬಿರುಕು ಬಿಟ್ಟು ಸೋರಿಕೆಗೆ ದಾರಿಯಾಗುತ್ತೆ.

ತುದಿಯನ್ನ ಗೋಡೆಯೊಳಗೆ ಇಟ್ಟ ಮೇಲೆ ಸುತ್ತ ಅರ್ಧ ಇಂಚು ಗಾಳಿ ಸಂದಿ ಬಿಡಬೇಕು. ಸಿಮೆಂಟ್ ಹಾಕಿ ಮುಚ್ಚಿದರೆ ಮತ್ತೆ ಅದೇ ಕಥೆ.

ಕಂಟ್ರಾಕ್ಟ್_ಜಯನಗರ
ಇಷ್ಟೆಲ್ಲ ಯಾಕೆ? ಮೇಲೆ ಗ್ಯಾಸ್ ಟಾರ್ಚಲ್ಲಿ ಕಾಯಿಸಿ ಅಂಟಿಸೋ 4 ಮಿ.ಮೀ. ಡಾಂಬರು ಮೆಂಬ್ರೇನ್ ಹಾಸಿ, ಅದರ ಮೇಲೆ ಸಿಮೆಂಟ್ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ) ಹಾಕಿದರೆ ಹತ್ತು ವರ್ಷ ಒಂದು ಹನಿ ಇಳಿಯಲ್ಲ. ಬೆಂಗಳೂರಲ್ಲಿ ಎಷ್ಟೋ ತಾರಸಿಗೆ ಹೀಗೇ ಮಾಡ್ತಾರೆ.

ಸುಣ್ಣದಗಾರೆ
ಆರ್‌ಸಿಸಿ (ಕಬ್ಬಿಣದ ಸರಳಿನ ಕಾಂಕ್ರೀಟು) ತಾರಸಿಗೆ ಸರಿ, ಮದ್ರಾಸ್ ತಾರಸಿಗೆ ಅದು ವಿಷ ಸರ್. ಸುಣ್ಣದ ಕಾಂಕ್ರೀಟು ಮಳೆಗಾಲದಲ್ಲಿ ಒಂದಿಷ್ಟು ತೇವ ಹೀರಿ, ಬಿಸಿಲಲ್ಲಿ ಮೇಲಿನಿಂದ ಬಿಟ್ಟುಕೊಡುತ್ತೆ. ಮೇಲೆ ಮೆಂಬ್ರೇನ್ ಅಂಟಿಸಿದರೆ ಆ ತೇವ ಕೆಳಕ್ಕೆ, ಅಂದ್ರೆ ಜಂತೆ ಕಡೆಗೇ ಇಳಿಯಬೇಕು. ಮೇಲೆ ಹನಿ ಕಾಣಲ್ಲ ನಿಜ, ಒಳಗೆ ಮರ ಕೊಳೀತಾ ಇರುತ್ತೆ. ಕೆಳಗೆ ಫಾಲ್ಸ್ ಸೀಲಿಂಗ್ ಬೇರೆ ಇದ್ದರೆ ಜಂತೆಗೆ ಎರಡೂ ಕಡೆಯಿಂದ ಗಾಳಿ ಬಂದ್. ಇನ್ನು ಮರದ ಛಾವಣಿ ಮೇಲೆ ಗ್ಯಾಸ್ ಟಾರ್ಚ್ ಉರಿಸೋದು ಬೆಂಕಿಯ ಅಪಾಯ ಕೂಡ.

ಸಿಮೆಂಟ್ ಸ್ಕ್ರೀಡ್ ಎರಡಿಂಚಿಗೆ ಚದರ ಮೀಟರ್‌ಗೆ 100 ಕೆ.ಜಿ. ಮೀರುತ್ತೆ. ಹಳೇ ಬಂಗಲೆಗಳಲ್ಲಿ ಸೋರಿದಾಗೆಲ್ಲ ಒಂದೊಂದು ಪದರ ಹಾಕಿಸಿರ್ತಾರೆ. ತಾರಸಿಗೆ ಹೋಗಿ ನೀರಿಳಿಯೋ ಪೈಪಿನ ಬಾಯಿ ಹತ್ತಿರ ನೋಡಿ, ಪದರಗಳು ಅಡ್ಡಕೊಯ್ದ ಹಾಗೆ ಅಲ್ಲಿ ಕಾಣುತ್ತವೆ. ಸುಣ್ಣದ ಪದರ ಕೆನೆ ಬಣ್ಣ, ಬೀಗದ ಕೈಯಲ್ಲಿ ಕೆರೆದರೆ ಪುಡಿ ಉದುರುತ್ತೆ. ಸಿಮೆಂಟ್ ಬೂದು, ಕೈಗೆ ಬರಲ್ಲ. ಬಾಗಿಲಿನ ಹೊಸ್ತಿಲು ತಾರಸಿ ಮಟ್ಟಕ್ಕೆ ಸಮವಾಗಿದ್ದರೆ ಪದರ ಏರಿದೆ ಅಂತ ಅರ್ಥ, ಮೊದಲು ಅಲ್ಲಿ ಒಂದು ಮೆಟ್ಟಿಲು ಇರ್ತಿತ್ತು.

ಸರಿಯಾದ ಕ್ರಮ: ಸಿಮೆಂಟ್ ಪದರಗಳನ್ನ ಕೈ ಉಳಿಯಲ್ಲೇ ಬಿಡಿಸೋದು. ಬ್ರೇಕರ್ ಬೇಡವೇ ಬೇಡ, ಅದರ ಅದುರಿಗೆ ಕೆಳಗಿನ ಓರೆ ಇಟ್ಟಿಗೆ ಸಡಿಲವಾಗುತ್ತೆ. ಅರಳಿ, ಆಲದ ಸಸಿ ಇದ್ದರೆ ಕಿತ್ತು ಎಸೆದರೆ ಬೇರು ಉಳಿಯುತ್ತೆ, ಬುಡ ಕತ್ತರಿಸಿ ಕಳೆನಾಶಕ ಹಚ್ಚಿ ಬೇರು ಒಣಗಿದ ಮೇಲೆ ಸಂದಿ ಬಿಡಿಸಿ ಸುಣ್ಣದ ಗಾರೆ ತುಂಬಬೇಕು. ಆಮೇಲೆ ಹೊಸ ಸುಣ್ಣದ ಗಾರೆಯಲ್ಲಿ ಬಿಲ್ಲೆ, ಅರವತ್ತು ಅಡಿಗೆ ಒಂದಡಿ ಇಳಿಜಾರು. ಪ್ಯಾರಪೆಟ್ ಸೇರೋ ಮೂಲೆಯಲ್ಲಿ ಮೂರಿಂಚಿನ ಗುಂಡು ತಿರುವು ಕೊಡಬೇಕು, ಹೆಚ್ಚಿನ ಸೋರಿಕೆ ಹುಟ್ಟೋದು ಅಲ್ಲೇ. ಕೆಲಸ ಡಿಸೆಂಬರಿಂದ ಮಾರ್ಚ್ ಒಳಗೆ. ಹಾಕಿದ ಗಾರೆ ಬಿಸಿಲಿಗೆ ಬಿರುಸಾಗಿ ಒಣಗಬಾರದು, ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದಿಸಿರಬೇಕು.

ಕಂಟ್ರಾಕ್ಟ್_ಜಯನಗರ
ತೇವ ಕೆಳಗಿಳಿಯೋ ವಿಷಯ ಒಪ್ಪಿದೆ, ಮರದ ಛಾವಣಿಗೆ ಟಾರ್ಚ್ ಸಲಹೆ ವಾಪಸ್ ತಗೊಳ್ತೀನಿ. ಹಾಗಾದರೆ ಸೋರಿಕೆ ಪರೀಕ್ಷೆಗೆ ನೀರು ಕಟ್ಟಿ ನಿಲ್ಲಿಸಬಹುದಾ?

ಸ್ಟ್ರಕ್ಚರ್_ಮೈಸೂರು
ಆರ್‌ಸಿಸಿಗೆ ಮಾಡೋ ಹಾಗೆ ಎರಡಿಂಚು ನೀರು ಕಟ್ಟಿ ಮೂರು ದಿನ ಬಿಡಬೇಡಿ. ಪ್ರತಿ ಮಿ.ಮೀ. ನೀರು ಚದರ ಮೀಟರ್‌ಗೆ ಒಂದು ಕೆ.ಜಿ. ಪೈಪಲ್ಲಿ ಒಂದೊಂದು ಮೂಲೆಗೆ ಅರ್ಧ ಗಂಟೆ ನೀರು ಹಾಯಿಸಿ, ಕೆಳಗೆ ತೆರೆದ ಸೀಲಿಂಗಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಬೇಕು. ಒಂದು ಮೂಲೆ ಮುಗಿಸಿ ಒಂದು ಗಂಟೆ ಕಾದು ಮುಂದಿನದು, ಆಗಷ್ಟೇ ಯಾವ ನೀರು ಎಲ್ಲಿಂದ ಬಂತು ಅಂತ ತಿಳಿಯುತ್ತೆ. ನೀರಿಳಿಯೋ ನಾಲ್ಕಿಂಚಿನ ಪೈಪು 40 ಚದರ ಮೀಟರ್ ತಾರಸಿಗೆ ಒಂದಾದರೂ ಇರಬೇಕು.

ನೀರಿನ ಟ್ಯಾಂಕ್ ಎಲ್ಲಿಟ್ಟಿದ್ದಾರೆ ನೋಡಿ. ನಾಲ್ಕು ಮನೆಗೆ ತಲಾ ಸಾವಿರ ಲೀಟರ್ ಅಂದ್ರೆ ನಾಲ್ಕು ಟನ್. ಜಂತೆಗಳ ನಡುಮಧ್ಯೆ ಇಟ್ಟಿದ್ದರೆ ಅಂದೇ ಇಳಿಸಬೇಕು. ಗೋಡೆಯ ಮೇಲಿಂದ ಗೋಡೆಗೆ ಉಕ್ಕಿನ ತೊಲೆ ಹಾಸಿ ಅದರ ಮೇಲೆ ಕೂರಿಸಿದ್ದರೆ ಸರಿ. ಇನ್ನೂ ಒಳ್ಳೇದು, ಕೆಳಗೆ ಸಂಪು, ಅಲ್ಲಿಂದ ಪ್ರೆಷರ್ ಪಂಪು, ತಾರಸಿ ಮೇಲೆ ಏನೂ ಇಲ್ಲ.

ನಲ್ಲಿನೀರು
ಬಾತ್‌ರೂಮಿನ ಬಗ್ಗೆ ನನ್ನ ಮಾತು. ಹಳೇ ಮಹಡಿಯಲ್ಲಿ ಒಳಗೆಲ್ಲೋ ನಡುಮನೆಯಲ್ಲಿ ಬಾತ್‌ರೂಮ್ ಇದ್ದರೆ ಅನುಮಾನ ಪಡಿ. ಅದು ಹೊರಗೋಡೆಗೆ ತಾಗಿಯೇ ಇರಬೇಕು. ಗೋಡೆಗೆ ನೇತುಹಾಕೋ ಕಮೋಡು, ಅದರ ಸಿಸ್ಟರ್ನ್ ಫ್ರೇಮು ಮುಂದಿನ ಸುಳ್ಳುಗೋಡೆಯೊಳಗೆ, ಅಲ್ಲಿಂದ 110 ಮಿ.ಮೀ. ಪೈಪು ನೇರ ಹೊರಗಿನ ಡಕ್ಟಿಗೆ (ಪೈಪುಗಳು ಇಳಿಯೋ ಕಿಂಡಿಗೆ). ಹೀಗಿದ್ದರೆ ನೆಲ ತುಂಬಿಸೋ ಕೆಲಸವೇ ಇಲ್ಲ. ಸ್ನಾನದ ಜಾಗ ಮಾತ್ರ ನಾಲ್ಕೈದು ಇಂಚು ಎತ್ತರಿಸಿ ಹಗುರವಾದ ಬೋರ್ಡಲ್ಲಿ ಕಟ್ಟೆ ಮಾಡಿದ್ದರೆ ಸಾಕು. ಹಾಗಾಗಿ ಒಳ್ಳೆ ನವೀಕರಣದಲ್ಲಿ ಬಾತ್‌ರೂಮಿಗೆ ಒಂದು ಮೆಟ್ಟಿಲು ಹತ್ತಿ ಹೋಗಬೇಕಾಗುತ್ತೆ. ರೂಮಿನ ಮಟ್ಟಕ್ಕೇ ಇದ್ದರೆ, ಪೈಪು ಎಲ್ಲಿ ಹೋಗಿದೆ ಅಂತ ಕೇಳಬೇಕು. ಕೆಲವರು ಜಂತೆಯನ್ನೇ ಕಚ್ಚು ಹೊಡೆದು ಪೈಪು ತೂರಿಸಿರ್ತಾರೆ. ಕೆಳಗಿನ ಫ್ಲ್ಯಾಟಿನ ಸೀಲಿಂಗಿಂದ ಅದನ್ನ ನೋಡಲೇಬೇಕು, ಮೇಲಿನಿಂದ ಗೊತ್ತಾಗಲ್ಲ.

ಡಕ್ಟಿನ ಪೈಪು ತಾರಸಿಗಿಂತ ಮೇಲಕ್ಕೆ ಗಾಳಿಗೆ ತೆರೆದಿದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಪಕ್ಕದವರು ಫ್ಲಶ್ ಮಾಡಿದಾಗ ನಿಮ್ಮ ಟ್ರ್ಯಾಪಿನ (ವಾಸನೆ ತಡೆಯೋಕೆ ನೀರು ನಿಲ್ಲೋ ಬಾಗು ಪೈಪಿನ) ನೀರು ಎಳೆದುಕೊಂಡು ಹೋಗಿ ವಾಸನೆ ಬರುತ್ತೆ.

ಸುಣ್ಣದಗಾರೆ
ಗೋಡೆ ವಿಷಯ ಯಾರೂ ಎತ್ತಲಿಲ್ಲ. ನೀವು ನೋಡ್ತಿರೋದು ಮೇಲಿನ ಫ್ಲ್ಯಾಟಾದರೂ ಕೆಳಗಿನ ಗೋಡೆಯೇ ನಿಮ್ಮನ್ನ ಹೊತ್ತಿರೋದು. ಆ ಕಾಲದ ಬಹಳಷ್ಟು ಮನೆಗಳಲ್ಲಿ ಸೈಜುಗಲ್ಲಿನ ಪಾಯ, ಮೇಲೆ ಮಣ್ಣಿನ ಗಾರೆ ಅಥವಾ ಸುಣ್ಣದ ಗಾರೆಯ ಇಟ್ಟಿಗೆ, ಹೊರಗೆ ಸುಣ್ಣದ ಗಿಲಾವು. ಪಾಯದಿಂದ ತೇವ ಏರಿದರೂ ಸುಣ್ಣ ಅದನ್ನ ಹೊರಗೆ ಬಿಡ್ತಿತ್ತು. ಈಗ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವಕ್ಕೆ ಹೊರಬರೋ ದಾರಿ ಇಲ್ಲ, ಮೇಲಕ್ಕೇರುತ್ತೆ. ಮೂರು ನಾಲ್ಕಡಿ ಎತ್ತರದಲ್ಲಿ ಬಣ್ಣ ಗುಳ್ಳೆ ಎದ್ದು, ಒಳಗಿಂದ ಉಪ್ಪು ಒಡೆದು, ಗಿಲಾವು ಹಪ್ಪಳದ ಹಾಗೆ ಬಿಡುತ್ತೆ. ಹೊಸ ಬಣ್ಣ ಹೊಡೆದ ಆರು ತಿಂಗಳು ಏನೂ ಕಾಣಲ್ಲ. ಅದಕ್ಕೇ ಬೆರಳ ಗೆಣ್ಣಲ್ಲಿ ಸ್ಕರ್ಟಿಂಗ್ ಮೇಲಿಂದ ಎದೆಮಟ್ಟದ ತನಕ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಕೇಳೋ ಜಾಗವನ್ನ ಪೆನ್ಸಿಲಲ್ಲಿ ಗುರುತು ಹಾಕಿ. ತೇವ ಅಳೆಯೋ ಮೀಟರನ್ನ ಪೂರ್ತಿ ನಂಬಬೇಡಿ, ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದರೂ ಅದು ಒದ್ದೆ ಅಂತ ತೋರಿಸುತ್ತೆ.

ಮದ್ದು ಇಂಜೆಕ್ಷನ್ ಅಲ್ಲ. ಇಟ್ಟಿಗೆ ಗೋಡೆಗೆ ತೂತು ಕೊರೆದು ರಾಸಾಯನಿಕ ಸುರಿಯೋದು ಮಣ್ಣಿನ ಗಾರೆಯಲ್ಲಿ ಎಲ್ಲೆಂದರಲ್ಲಿ ಹರಿದು ಹೋಗುತ್ತೆ, ಪಟ್ಟಿಯಾಗಿ ನಿಲ್ಲಲ್ಲ. ಮೊದಲು ಹೊರಗಿನ ನೆಲ ಇಳಿಸಿ. ವರ್ಷಾನುಗಟ್ಟಲೆ ಟೈಲ್ಸು, ಕಾಂಕ್ರೀಟು ಹಾಕಿ ಅಂಗಳ ಏರಿರುತ್ತೆ, ಅದು ಮನೆ ಒಳಗಿನ ನೆಲದ ಮಟ್ಟಕ್ಕಿಂತ ಆರಿಂಚಾದರೂ ಕೆಳಗಿರಬೇಕು, ನೀರು ಗೋಡೆಯಿಂದ ಆಚೆಗೆ ಹರಿಯಬೇಕು. ಆಮೇಲೆ ತೇವದ ಗೆರೆಗಿಂತ ಒಂದಡಿ ಮೇಲಿನ ತನಕ ಸಿಮೆಂಟ್ ಗಿಲಾವು ಕಿತ್ತು, ಗೋಡೆ ಒಂದೆರಡು ತಿಂಗಳು ಉಸಿರಾಡಲು ಬಿಟ್ಟು, ಒಂದು ಪಾಲು ಸುಣ್ಣ ಮೂರು ಪಾಲು ಮರಳಿನ ಗಿಲಾವನ್ನ ಅರ್ಧರ್ಧ ಇಂಚಿನ ಪದರವಾಗಿ. ಸುಣ್ಣ ಗಾಳಿ ಹೀರಿ ಗಟ್ಟಿಯಾಗೋದು ಸುಮಾರಾಗಿ ತಿಂಗಳಿಗೆ ಒಂದು ಮಿ.ಮೀ., ಆದ್ದರಿಂದ ಅವಸರ ಮಾಡೋ ಮೇಸ್ತ್ರಿ ಈ ಕೆಲಸಕ್ಕೆ ಆಗಲ್ಲ. ಮೇಲೆ ಸುಣ್ಣ ಅಥವಾ ಸಿಲಿಕೇಟ್ ಪೈಂಟು ಮಾತ್ರ.

ವೈರ್‌ಮನ್_ಮಲ್ಲೇಶ್ವರ
ವೈರಿಂಗ್: ಹಳೇ ಮರದ ಪಟ್ಟಿ ಮೇಲಿನ ವೈರು ಫಾಲ್ಸ್ ಸೀಲಿಂಗ್ ಒಳಗೆ ಜೀವಂತ ಉಳಿದಿದೆಯಾ ನೋಡಿ. ಹೊಸ ಬೋರ್ಡಿಗೆ ಹಳೇ ವೈರು ಜಾಯಿಂಟ್ ಹೊಡೆದಿರೋದು ಮಾಮೂಲಿ. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಎಸಿ ಮತ್ತು ಗೀಸರಿಗೆ 4 ಚದರ ಮಿ.ಮೀ. ತಾಮ್ರ, ಪ್ರತಿ ಫ್ಲ್ಯಾಟಿಗೂ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡೋ ಸ್ವಿಚ್), ಬೇರೆ ಬೇರೆ ಬೆಸ್ಕಾಂ ಮೀಟರು, ಸರಿಯಾದ ಅರ್ತಿಂಗ್ ಗುಂಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಅಲ್ಲೇ ಒತ್ತಿ ನೋಡಿ, ಬೀಳಬೇಕು. ಮಣ್ಣು ಗಾರೆ ಗೋಡೆಯಲ್ಲಿ ಪೈಪಿಗೆ ಅಡ್ಡಡ್ಡ ಕೊರೆದಿದ್ದರೆ ಗೋಡೆಯ ಬಲ ಹೋಗುತ್ತೆ, ಕೊರೆದಿದ್ದರೂ ನೆಟ್ಟಗೆ ಮೇಲಿಂದ ಕೆಳಗೆ ಇರಬೇಕು.

ತೊಲೆಜಂತೆ
ಗೆದ್ದಲಿಗೆ ಒಂದು ಮಾತು. ಐಎಸ್ 6313ರ ಮೂರನೇ ಭಾಗದಲ್ಲಿರೋ ಹಾಗೆ, ಗೋಡೆ ನೆಲ ಸೇರೋ ಕಡೆ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧ ತುಂಬಿದ್ದಾರಾ ಕೇಳಿ. ನೆಲಮಹಡಿಯಲ್ಲಿ ಮಾಡಿಸದೆ ಮೇಲಿನ ಮನೆಯಲ್ಲಿ ಮಾತ್ರ ಸ್ಪ್ರೇ ಹೊಡೆದರೆ ಪ್ರಯೋಜನ ಇಲ್ಲ, ಗೆದ್ದಲು ಬರೋದು ಮಣ್ಣಿಂದ. ಕೊಠಡಿ ನೋಡಿದ ಮೇಲೆ ಮಂಕಿ ಟಾಪಿನ ಹಲಗೆಗಳನ್ನೂ ಮುಟ್ಟಿ ನೋಡಿ. ಮಳೆಗೆ ಮುಖ ಕೊಡೋ ಮರ ಅದೊಂದೇ. ತುದಿಯಲ್ಲಿ ಸಿಮೆಂಟ್ ಪುಟ್ಟಿ ಹಾಕಿ ಪೈಂಟ್ ಬಳಿದಿದ್ದರೆ ಉಗುರು ಒತ್ತಿದರೇ ಗೊತ್ತಾಗುತ್ತೆ.

ಹಂಚಿನಮನೆ
ಕಾಗದಪತ್ರದಲ್ಲಿ? ನಾಲ್ಕೇ ಫ್ಲ್ಯಾಟು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಂಬರ್ ಬೇಡ ಅಂತ ಹೇಳ್ತಿದ್ದಾರೆ.

ಕಾಗದಪತ್ರ
ಅದು ನಿಜ ಇರಬಹುದು. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟು ಎಂಟು ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯ ಅಲ್ಲ. ಆದರೆ ಅದರ ಅರ್ಥ ನಿಮಗಿರೋ ಆಸರೆ ಕಮ್ಮಿ ಅಂತ. ರೇರಾದಲ್ಲಿ ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷದ ಹೊಣೆ ಇದೆ, ಅದೇ ಮಾತನ್ನ ನೀವು ಮಾರಾಟದ ಕರಾರಲ್ಲೇ ಬರೆಸಿಕೊಳ್ಳಬೇಕು. ತಾರಸಿ, ಜಂತೆ, ಪಾಯ, ಒಳಚರಂಡಿ ಅಂತ ಹೆಸರು ಹಿಡಿದು ಬರೆಸಿ.

ಅತಿ ಮುಖ್ಯವಾದದ್ದು ಡೀಡ್ ಆಫ್ ಡಿಕ್ಲರೇಷನ್, ಅಂದ್ರೆ ಯಾವುದು ಯಾರದು, ಯಾವುದು ಎಲ್ಲರದು ಅಂತ ಬರೆದ ಘೋಷಣಾ ಪತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಪಾಯ, ತೊಲೆ, ಮುಖ್ಯ ಗೋಡೆ, ಛಾವಣಿ ಎಲ್ಲರ ಸಾಮಾನ್ಯ ಆಸ್ತಿ. ಆದರೆ ಇಂಥ ಸಣ್ಣ ಕಟ್ಟಡಗಳಲ್ಲಿ ಆ ಪತ್ರ ಮಾಡಿಸದೆ ಬರೀ ಕ್ರಯಪತ್ರದಲ್ಲಿ "ತಾರಸಿ ಹಕ್ಕು ಮೇಲಿನವರಿಗೆ" ಅಂತ ಬರೆದಿರ್ತಾರೆ. ಕೇಳೋಕೆ ಲಾಭದ ಹಾಗಿರುತ್ತೆ. ಮುಂದೆ ತಾರಸಿ ಸೋರಿದಾಗ ಉಳಿದ ಮೂವರು ಕೈ ಎತ್ತುತ್ತಾರೆ, ಇಡೀ ಛಾವಣಿ ಖರ್ಚು ನಿಮ್ಮ ತಲೆಗೆ. ತಾರಸಿ ಬಳಸೋ ಹಕ್ಕು ಬೇಕಿದ್ದರೆ ತಗೊಳ್ಳಿ, ಛಾವಣಿಯ ದುರಸ್ತಿ ಮಾತ್ರ ನಾಲ್ವರ ಪಾಲು ಅಂತ ಪತ್ರದಲ್ಲಿ ಇರಲೇಬೇಕು. ಭೂಮಿಯಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು ಚದರಡಿ ಅಂತಲೂ ಅಂಕಿಯಲ್ಲಿ ಬರಬೇಕು. ಕಟ್ಟಡ ಹಳೇದಾದಷ್ಟೂ ಬೆಲೆ ಇರೋದು ಆ ಪಾಲಿಗೆ.

ಒಂದೇ ಮನೆಗೆ ಅಂತ ಇದ್ದ ಮಂಜೂರಾತಿಯನ್ನ ನಾಲ್ಕು ಮನೆಗೆ ಬದಲಿಸಿದ ನಕ್ಷೆ, ನಾಲ್ಕಕ್ಕೂ ಪ್ರತ್ಯೇಕ ಇ-ಖಾತೆ (ಬೆಂಗಳೂರಲ್ಲಿ 2024ರಿಂದ ನೋಂದಣಿಗೆ ಅದು ಬೇಕೇ ಬೇಕು), 30 ವರ್ಷದ ಇಸಿ (ಋಣಭಾರ ಪತ್ರ), ಮತ್ತೆ ಕುಟುಂಬದ ವಂಶವೃಕ್ಷ. ಹಳೇ ಬಂಗಲೆ ಅಂದ್ರೆ ಮೂರು ತಲೆಮಾರಿನ ವಾರಸುದಾರರು. ಹೆಣ್ಣುಮಕ್ಕಳ ಸಹಿ ಇಲ್ಲದ ಪಾಲುಪಟ್ಟಿ ಇದ್ದರೆ ಮುಂದೆ ಹೋಗಬೇಡಿ. ಬ್ಯಾಂಕಿನವರು ಕಟ್ಟಡದ ಉಳಿದ ಆಯಸ್ಸಿನ ಬಗ್ಗೆ ಎಂಜಿನಿಯರ್ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನ ಮಾರೋರ ಎಂಜಿನಿಯರಿಂದ ಅಲ್ಲ, ನಿಮ್ಮವರಿಂದ ಮಾಡಿಸಿ.

ಗಿರಿನಗರ_ಓದುಗ
ಇಷ್ಟು ತಲೆಬಿಸಿ ಇದ್ದರೆ ಒಡೆದು ಹೊಸದು ಕಟ್ಟೋದೇ ವಾಸಿ ಅಲ್ವಾ? ಮೈಸೂರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ಕು ಜನ ಹೋದರಲ್ಲ.

ಸ್ಟ್ರಕ್ಚರ್_ಮೈಸೂರು
ಆ ಸಾವು ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ. ಅದಾದ ನಾಲ್ಕು ವರ್ಷಕ್ಕೆ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆದರೆ ಸುಣ್ಣದ ಕಟ್ಟಡ ವಯಸ್ಸಾಯ್ತು ಅಂತ ಬೀಳಲ್ಲ. ನೀರು ನಿಂತು, ಗಿಡ ಬೇರು ಬಿಟ್ಟು, ತುದಿ ಕೊಳೆತು, ಮೇಲೆ ಭಾರ ಏರಿ ಬೀಳುತ್ತೆ, ಇಲ್ಲವೇ ಆಧಾರ ಕೊಡದೆ ಒಂದು ಗೋಡೆ ಬಿಡಿಸಿದಾಗ ಬೀಳುತ್ತೆ. ಅದೇ ಕಾಲದ, ಅದೇ ಗಾರೆಯ ಎಷ್ಟೋ ಕಟ್ಟಡಗಳು ಅದೇ ಮೈಸೂರಲ್ಲಿ ದಿನಾ ಬಳಕೆಯಲ್ಲಿವೆ. ಎರಡಡಿ ದಪ್ಪದ ಗೋಡೆ, ಹದಿನಾಲ್ಕಡಿ ಎತ್ತರದ ಸೂರು ಇವತ್ತು ಯಾವ ದುಡ್ಡಿಗೂ ಯಾರೂ ಕಟ್ಟಿಕೊಡಲ್ಲ. ಇದ್ದದ್ದನ್ನ ನೆಟ್ಟಗೆ ನೋಡಿಕೊಳ್ಳೋದೇ ದಾರಿ.

ಪ್ರಶ್ನೆ ಕೇಳಿದವರಿಗೆ: ನಾಲ್ಕು ಫ್ಲ್ಯಾಟಿಗಾಗಿ ಒಳಗಿನ ಯಾವ ಗೋಡೆ ತೆಗೆದಿದ್ದಾರೆ ಅಂತ ಹಳೇ ನಕ್ಷೆ, ಹೊಸ ನಕ್ಷೆ ಅಕ್ಕಪಕ್ಕ ಇಟ್ಟು ನೋಡಿ. ಹಾಲ್ ದೊಡ್ಡದು ಮಾಡಲು ಗೋಡೆ ತೆಗೆದಿದ್ದರೆ ಅದರ ಮೇಲಿನ ಜಂತೆ ಈಗ ಯಾವುದರ ಮೇಲೆ ಕೂತಿದೆ? ಹೊಸ ತೊಲೆಯ ಎರಡೂ ತುದಿಗೆ, ಗೋಡೆಯೊಳಗೆ ಕಾಂಕ್ರೀಟ್ ದಿಂಬು ಕೊಟ್ಟಿರಬೇಕು. ಇಟ್ಟಿಗೆ ಮೇಲೆ ನೇರ ಕೂರಿಸಿದ್ದರೆ ತುದಿ ಕೆಳಗಿನ ಇಟ್ಟಿಗೆ ಪುಡಿಯಾಗಿ ಓರೆ ಬಿರುಕು ಬರುತ್ತೆ. ಬಿರುಕು ಕಂಡರೆ ಅದರ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯನ್ನ ಎರಡೂ ತುದಿಗೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು ಬನ್ನಿ. ಮೂರು ತಿಂಗಳಾದ ಮೇಲೆ ಗಾಜು ಒಡೆದಿದ್ದರೆ ಗೋಡೆ ಇನ್ನೂ ಸರೀತಿದೆ.

ಹಂಚಿನಮನೆ
ತುಂಬಾ ಧನ್ಯವಾದ ಎಲ್ಲರಿಗೂ. ಸೀಲಿಂಗಲ್ಲಿ ಆರು ಕಡೆ ತೂತು, ಕೆಳಗಿನ ಫ್ಲ್ಯಾಟಿಂದ ಬಾತ್‌ರೂಮಿನ ತಳ, ಎರಡೂ ನಕ್ಷೆ, ಡೀಡ್ ಆಫ್ ಡಿಕ್ಲರೇಷನ್ ಕರಡು: ಇಷ್ಟನ್ನ ಬರಹದಲ್ಲಿ ಕೇಳ್ತಿದ್ದೀನಿ. ಜಂತೆಯ ಫೋಟೋ ಸಿಕ್ಕಿದರೆ ಇಲ್ಲೇ ಹಾಕ್ತೀನಿ, ತೊಲೆಜಂತೆ ಸರ್ ನೋಡಿ ಹೇಳಬೇಕು.

ತೊಲೆಜಂತೆ
ಖಂಡಿತ ಹಾಕಿ. ಫೋಟೋ ತೆಗೆಯುವಾಗ ಫ್ಲಾಶ್ ನೇರ ಹೊಡೆಯಬೇಡಿ, ಟಾರ್ಚನ್ನ ಜಂತೆಯ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಆಗ ಮರದ ಸೀಳು, ಗೆದ್ದಲು ದಾರಿ ನೆರಳಾಗಿ ಎದ್ದು ಕಾಣುತ್ತೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ.